ಪೇಂಟ್ ಅಂಗಡಿಯವನ ಮಗಳು: ಬಿ.ಆರ್ಕ್ ಓದಿಸಲೋ, ಬಿ.ಎಫ್.ಎ. ಓದಿಸಲೋ?

ಬಣ್ಣದಂಗಡಿ_ರಾಣೆಬೆನ್ನೂರು
ಎಲ್ಲರಿಗೂ ನಮಸ್ಕಾರ್ರಿ. ರಾಣೆಬೆನ್ನೂರಾಗ ನಂದು ಹಾರ್ಡ್‌ವೇರ್ ಮತ್ತ ಪೇಂಟ್ ಅಂಗಡಿ ಐತಿ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸ್ಯಾಳ. ಪಿಸಿಎಂಸಿ, ಶೇಕಡಾ 81. ಆರ್ಕಿಟೆಕ್ಚರ್ ಸೇರಾಕ ಬರಿಯೋ ನಾಟಾ ಪರೀಕ್ಷಿನೂ ಬರದಾಳ, 200ಕ್ಕ 112 ಬಂದೈತಿ. ಒಂದನೇತ್ತಿಂದ ಹತ್ತನೇತ್ತಾ ಕನ್ನಡ ಮೀಡಿಯಂ. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಗ್ರೇಡ್ ಪಾಸ್ ಆಗ್ಯಾಳ. ಅಂಗಡ್ಯಾಗ ಬಣ್ಣ ಕಲಸೋ ಟಿಂಟಿಂಗ್ ಮಷಿನ್ ಮುಂದ ನಿಂತ್ರ ಗಿರಾಕಿ ತಂದ ಸುಣ್ಣದ ಚಕ್ಕಿ ನೋಡಿ, ಶೇಡ್ ಕಾರ್ಡ್ ತೆಗೀದನ ನಂಬರ್ ಹೇಳ್ತಾಳ.

ಆಕಿ ಬಿ.ಎಫ್.ಎ., ಅಂದ್ರ ಚಿತ್ರಕಲಾ ಡಿಗ್ರಿ ಅಂತಾಳ. ಮನ್ಯಾಗ ಎಲ್ಲಾರೂ ಬಿ.ಆರ್ಕ್, ಅಂದ್ರ ಆರ್ಕಿಟೆಕ್ಚರ್ ಡಿಗ್ರಿ ಅಂತಾರ. ನಮ್ಮ ಭಾವ ಅಂದ್ರು, "ಚಿತ್ರಾನೂ ಆಗ್ತೈತಿ, ಹೊಟ್ಟಿನೂ ತುಂಬ್ತೈತಿ, ಬಿ.ಆರ್ಕ್ ಮಾಡ್ಸು." ನನಗ ಎರಡೂ ತಿಳ್ಯಂಗಿಲ್ಲ. ಆರ್ಕಿಟೆಕ್ಟ್ ಅಂದ್ರ ನಮ್ಮಂಗಡಿಗೆ ಬಂದು ಬಿಳೀ ಬಣ್ಣದಾಗ ಹದಿನಾಲ್ಕು ನಮೂನಿ ಕೇಳೋರು, ಅಷ್ಟ ಗೊತ್ತು. ತಿಳದವರು ಹೇಳ್ರಿ.

ಸರ್ಜಾಪುರ_ರಿಟರ್ನ್
ಎರಡೂ ಬೇಡ ಸರ್. 81 ಇದೆ, ಪಿಸಿಎಂಸಿ ಇದೆ, ಕಣ್ಣುಮುಚ್ಚಿ ಕಂಪ್ಯೂಟರ್ ಸೈನ್ಸ್ ಕೊಡ್ಸಿ. ಚಿತ್ರ ಭಾನುವಾರ ಬಿಡಿಸ್ಲಿ. ಹೇಗೂ ಈಗ ಚಿತ್ರ ಎಲ್ಲಾ ಎಐ ಬಿಡಿಸುತ್ತೆ.

ಗಾರೆ_ಕರಣೆ
ಕೋಡ್ ಯಾರು ಬರೀತಾರೆ ಸ್ವಾಮಿ ಈಗ, ಅದೂ ಎಐ ತಾನೆ? ಕೇಳಿದ್ದಕ್ಕೆ ಉತ್ತರ ಕೊಡಿ.

ತೊಟ್ಟಿಮನೆ
ಅಣ್ಣಾವ್ರೇ, ನಾನು ಮೈಸೂರಿನಲ್ಲಿ ಆರ್ಕಿಟೆಕ್ಟ್. ಸ್ವಂತ ಆಫೀಸು, ನಾಲ್ಕು ಜನ ಕೆಲಸಕ್ಕಿದ್ದಾರೆ. ನಿಮ್ಮ ಭಾವನವರು ಹೇಳಿದ ಮಾತನ್ನೇ 2004ರಲ್ಲಿ ನಮ್ಮ ಮಾವ ಹೇಳಿದ್ದರು. "ಚಿತ್ರ ಬರುತ್ತೆ, ಲೆಕ್ಕವೂ ಬರುತ್ತೆ, ಹಾಗಾದ್ರೆ ಆರ್ಕಿಟೆಕ್ಚರ್" ಅನ್ನುವುದು ನಮ್ಮ ಊರುಗಳಲ್ಲಿ ಮಗ್ಗಿಯ ಹಾಗೆ ಬಾಯಿಪಾಠ ಆಗಿಬಿಟ್ಟಿದೆ.

ಐದು ವರ್ಷದಲ್ಲಿ ನಾನು "ಚಿತ್ರ" ಅಂತ ಬಿಡಿಸಿದ್ದು ಮೊದಲ ವರ್ಷ ಮಾತ್ರ. ಆಮೇಲೆ ಬಿಡಿಸಿದ್ದೆಲ್ಲ "ಡ್ರಾಯಿಂಗು". ಪ್ಲಾನು, ಸೆಕ್ಷನ್ನು, ಎಲಿವೇಶನ್ನು, ಬಾಗಿಲ ಚೌಕಟ್ಟು ಗೋಡೆಗೆ ಹೇಗೆ ಕೂರುತ್ತೆ ಅನ್ನೋ ಡೀಟೇಲು. ಚಿತ್ರದಲ್ಲಿ ಗೆರೆ ಎರಡು ಮಿಲಿಮೀಟರ್ ಆಚೆ ಹೋದರೆ ಅದಕ್ಕೊಂದು ಜೀವ ಬರಬಹುದು. ನಮ್ಮ ಡ್ರಾಯಿಂಗಿನಲ್ಲಿ ಹೋದರೆ ಸೈಟಿನಲ್ಲಿ ಕಿಟಕಿ ಕೂರುವುದಿಲ್ಲ, ಮೇಸ್ತ್ರಿ ಫೋನ್ ಮಾಡಿ ಬಯ್ಯುತ್ತಾನೆ. ಇದರ ಜೊತೆಗೆ ಸ್ಟ್ರಕ್ಚರ್ಸ್, ಸರ್ವೇ, ನೀರು ಮತ್ತು ಕರೆಂಟಿನ ವ್ಯವಸ್ಥೆ, ಗಾಳಿ-ಬಿಸಿಲಿನ ಲೆಕ್ಕ, ಎಸ್ಟಿಮೇಶನ್ನು. ಒಂದು ಸೆಮಿಸ್ಟರ್ ಪೂರ್ತಿ ಯಾವುದಾದರೂ ಆಫೀಸಿನಲ್ಲಿ ತರಬೇತಿ. ಕೊನೆಯ ವರ್ಷ ಥೀಸಿಸ್. ಇದೆಲ್ಲ ಮುಗಿದ ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ. 1972ರ ಕಾಯ್ದೆ ಪ್ರಕಾರ ಆ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಬೋರ್ಡು ಹಾಕುವ ಹಾಗಿಲ್ಲ.

ಇಷ್ಟೆಲ್ಲ ಹೇಳಿದ್ದು ಹೆದರಿಸೋಕಲ್ಲ. ನನಗೆ ಈ ಕೆಲಸ ಇಷ್ಟ. ಆದರೆ ಇದು ಚಿತ್ರಕಲೆಗೆ ಕೋಟು ಹಾಕಿಸಿ ಸಂಬಳ ಕೊಟ್ಟ ಹಾಗೆ ಅಂದುಕೊಂಡು ಬಂದವರು ಎರಡನೇ ವರ್ಷದಲ್ಲಿ ಮಂಕಾಗುತ್ತಾರೆ. ನನ್ನ ಬ್ಯಾಚಿನಲ್ಲೇ ನೋಡಿದ್ದೇನೆ.

ಒಂದು ಕೆಲಸ ಮಾಡಿ. ನಿಮ್ಮ ಮನೆಯದೋ ಗೋಡೌನಿನದೋ ಮೆಟ್ಟಿಲು ಬಿಡಿಸಿಕೊಂಡು ಬಾ ಅಂತ ಮಗಳಿಗೆ ಹೇಳಿ. ಇನ್ನೇನೂ ಹೇಳಬೇಡಿ. ಟೇಪು ತಗೊಂಡು ಹೋದಳೋ, ನೆರಳು ನೋಡ್ತಾ ಕೂತಳೋ ನೋಡಿ.

ಕುಂಚ_ಕೆಮ್ಮಣ್ಣು
ತೊಟ್ಟಿಮನೆಯವರ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ನಾನು ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿದವನು, ಈಗ ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಚಿತ್ರಕಾರನಿಗೆ ಅಳತೆ ಬೇಡ ಅಂದವರು ಯಾರು? ಲೈವ್ ಮಾಡೆಲ್ ಮುಂದೆ ಕೂತು ಪೆನ್ಸಿಲ್ ಹಿಡಿದು ಒಂದು ಕಣ್ಣು ಮುಚ್ಚಿ ತಲೆಗೆ ಎಷ್ಟು, ಮೊಣಕಾಲಿಗೆ ಎಷ್ಟು ಅಂತ ಅಳೆಯುತ್ತಾ ನಾಲ್ಕು ವರ್ಷ ಕಳೆದವರು ನಾವು. ಮುಂಬೈಯ ಜೆ.ಜೆ. ಕಲಾಶಾಲೆ ಶುರುವಾದದ್ದು 1857ರಲ್ಲಿ. ಕಟ್ಟಡ ವಿನ್ಯಾಸದ ಪಾಠವೂ ಅಲ್ಲೇ ಮೊಳಕೆ ಒಡೆದು ಆಮೇಲೆ ಬೇರೆ ಕಾಲೇಜಾಯಿತು. ಉಡುಪಿ ಕಡೆಯ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಜೆ.ಜೆ.ಯಲ್ಲೇ ಚಿತ್ರ ಕಲಿತರು. ಬೆಂಗಳೂರಿನ ಐಐಎಂ ಕಟ್ಟಿದ, 2018ರಲ್ಲಿ ಆರ್ಕಿಟೆಕ್ಚರಿನ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಿ.ವಿ. ದೋಶಿ ಆರ್ಕಿಟೆಕ್ಚರಿಗೆ ಸೇರಿದ್ದೂ ಜೆ.ಜೆ.ಗೇ. ಗೋಡೆ ಕಟ್ಟಿದ್ದು ಆಮೇಲೆ.

ಬಿ.ಎಫ್.ಎ. ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹಲವು ಕಾಲೇಜುಗಳು ಇದನ್ನೇ ಬಿ.ವಿ.ಎ. ಅನ್ನುತ್ತವೆ. ನಾಲ್ಕು ವರ್ಷ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸೇರಬಹುದು. ಮೊದಲು ಬುನಾದಿ ಪಾಠ, ಎಲ್ಲರಿಗೂ ಎಲ್ಲವೂ. ಸ್ಟಿಲ್ ಲೈಫು, ಪ್ರಕೃತಿ ಅಧ್ಯಯನ, ಜೇಡಿಮಣ್ಣು, ಮುದ್ರಣ. ಆಮೇಲೆ ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಅಂತ ಕವಲು. (ಗ್ರಾಫಿಕ್ಸ್ ಅಂದರೆ ಕಂಪ್ಯೂಟರ್ ಅಲ್ಲ ಅಣ್ಣಾ. ತಾಮ್ರದ ತಗಡು, ಆಸಿಡ್ಡು, ಮರದ ಹಲಗೆ, ದೊಡ್ಡ ಚಕ್ರ ತಿರುಗಿಸೋ ಪ್ರೆಸ್ಸು. ನಮ್ಮಪ್ಪನಿಗೆ ಇದನ್ನು ಅರ್ಥ ಮಾಡಿಸಲು ನನಗೆ ಎರಡು ವರ್ಷ ಬೇಕಾಯಿತು.)

ನೀವು ಮೈಸೂರು, ಬೆಂಗಳೂರು ಅಂತ ನೋಡುವ ಮೊದಲು ಹರಿಹರ ದಾಟಿ ದಾವಣಗೆರೆಗೆ ಹೋಗಿ. ಅಲ್ಲಿನ ದೃಶ್ಯಕಲಾ ಮಹಾವಿದ್ಯಾಲಯ 1964ರದ್ದು, ಈಗ ದಾವಣಗೆರೆ ವಿಶ್ವವಿದ್ಯಾಲಯದ್ದೇ ಕಾಲೇಜು. ನಿಮ್ಮ ಮನೆ ಬಾಗಿಲಲ್ಲೇ ಇದ್ದ ಹಾಗೆ. ಮೈಸೂರಿನ ಕಾವಾದ ಬೇರು ಇನ್ನೂ ಹಳೆಯದು. ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಅಂತ 1906ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಆಗ ಬಡಗಿ ಕೆಲಸ, ಲೋಹದ ಕೆಲಸ, ಚಿತ್ರ ಒಂದೇ ಸೂರಿನಡಿ ಇದ್ದವು. ಬೇರೆ ಬೇರೆ ಡಿಗ್ರಿ ಮಾಡಿ ಗೋಡೆ ಎಬ್ಬಿಸಿದ್ದು ನಾವು.

ತೊಟ್ಟಿಮನೆ
ಕುಂಚ ಸರ್, ಹೊಟ್ಟೆಪಾಡಿನ ಮಾತು ಬಿಟ್ಟಿರಿ. ಅವರು ಕೇಳಿದ್ದು ಅದನ್ನೂ.

ಕುಂಚ_ಕೆಮ್ಮಣ್ಣು
ಬಿಟ್ಟಿಲ್ಲ, ನಾಚಿಕೆಯಿಂದ ತಡಮಾಡಿದೆ. ಸರ್ಕಾರಿ ಶಾಲೆಯ ಚಿತ್ರಕಲಾ ಹುದ್ದೆಯನ್ನು ನಂಬಿ ಯಾರೂ ಈ ಕೋರ್ಸಿಗೆ ಬರಬಾರದು. ನಾನು ಕಾದದ್ದು ಆರು ವರ್ಷ. ಆ ಆರು ವರ್ಷ ಮದುವೆ ಮಂಟಪದ ಹಿಂಬದಿ ಪರದೆ, ಗಣಪತಿ, ಪುಸ್ತಕದ ಮುಖಪುಟ, ಅಂಗಡಿ ಬೋರ್ಡು, ಎಲ್ಲ ಮಾಡಿದ್ದೇನೆ. ನನ್ನ ಬ್ಯಾಚಿನಲ್ಲಿ ಅನ್ವಯಿಕ ಕಲೆ ತಗೊಂಡವರು ಬೆಂಗಳೂರಿನ ಜಾಹೀರಾತು ಮತ್ತು ಆನಿಮೇಶನ್ ಕಂಪನಿಗಳಲ್ಲಿ ಇದ್ದಾರೆ, ನನಗಿಂತ ಚೆನ್ನಾಗಿದ್ದಾರೆ. ಶಿಲ್ಪ ತಗೊಂಡ ಒಬ್ಬ ಸಿನಿಮಾ ಸೆಟ್ಟಿನಲ್ಲಿ ಇದ್ದಾನೆ. ಪೇಂಟಿಂಗ್ ತಗೊಂಡ ನಾವು ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಕುಮಾರಕೃಪಾ ರಸ್ತೆಯ ಪಕ್ಕದಲ್ಲಿ ಕೂರುತ್ತೇವೆ. ಒಂದು ವರ್ಷ ಹನ್ನೆರಡು ಮಾರಿದೆ. ಮರುವರ್ಷ ಒಂದೂ ಇಲ್ಲ, ಬಸ್ ಚಾರ್ಜು ಕೈಯಿಂದ ಹೋಯಿತು. ಇದು ಸತ್ಯ.

ಸನ್‌ಬೋರ್ಡ್_ಸಂತ್ರಸ್ತೆ
ನಾನು ಬಿ.ಆರ್ಕ್ ಮೂರನೇ ವರ್ಷ, ಮಂಗಳೂರು ಕಡೆಯವಳು, ಬೆಂಗಳೂರಲ್ಲಿ ಓದ್ತಾ ಇದ್ದೇನೆ. ಅಂಕಲ್, ಫೀಸು ಕೇಳಿ ಲೆಕ್ಕ ಹಾಕಿದ್ರೆ ಸಾಲ್ದು ಮಾರಾಯ್ರೆ, ಕಟ್ಟಡದ ಮಾಡೆಲ್ ಮಾಡುವ ಖರ್ಚು ಬೇರೆ ಬರೆದಿಟ್ಟುಕೊಳ್ಳಿ. ಸನ್‌ಬೋರ್ಡ್, ಮೌಂಟ್‌ಬೋರ್ಡ್, ಫೆವಿಕಾಲ್, ಕಟ್ಟರ್ ಬ್ಲೇಡ್, ಎ1 ಸೈಜಿನ ಪ್ರಿಂಟು. ಕಳೆದ ಸೆಮಿಸ್ಟರಿನ ಒಂದು ಫೈನಲ್ ಸಬ್ಮಿಷನ್ನಿಗೆ ನನಗೆ ನಾಲ್ಕೂವರೆ ಸಾವಿರ ಆಯ್ತು. ಲ್ಯಾಪ್‌ಟಾಪೂ ಸಾದಾ ಆದ್ರೆ ಆಗ್ಲಿಕ್ಕಿಲ್ಲ. ತ್ರೀಡಿ ಮಾಡುವಾಗ ಹೆಲಿಕಾಪ್ಟರ್ ತರ ಸದ್ದು ಮಾಡ್ತದೆ.

ನಿದ್ದೆ ಬಗ್ಗೆ ಎಲ್ಲರೂ ಹೇಳ್ತಾರೆ, ನಾನು ಹೇಳುದಿಲ್ಲ. ಜ್ಯೂರಿ ಬಗ್ಗೆ ಹೇಳ್ತೇನೆ. ನೀವು ಎರಡು ತಿಂಗಳು ಮಾಡಿದ ಕೆಲ್ಸವನ್ನು ಗೋಡೆಗೆ ಪಿನ್ ಮಾಡಿ ಅದರ ಮುಂದೆ ನಿಲ್ಬೇಕು. ಎದುರು ಮೂರು ಜನ. ಪ್ರಶ್ನೆ, ಉತ್ತರ ಎಲ್ಲ ಇಂಗ್ಲಿಷ್. ಫಸ್ಟ್ ಇಯರಲ್ಲಿ ಒಬ್ಬರು "ವಾಟ್ ಈಸ್ ಯುವರ್ ಕಾನ್ಸೆಪ್ಟ್" ಅಂತ ಕೇಳಿದ್ರು. ನಾನು ಅಜ್ಜಿಮನೆ ಜಗಲಿ ನೆನಪಿಟ್ಟುಕೊಂಡು ಒಂದು ವರಾಂಡ ಮಾಡಿದ್ದೆ. ಮಳೆಗಾಲದಲ್ಲಿ ಅಡಿಕೆ ಸುಲಿಲಿಕ್ಕೆ ಯಾಕೆ ಅಷ್ಟು ಅಗಲ ಬೇಕು, ಮಾಡು ಯಾಕೆ ಅಷ್ಟು ಇಳಿಬೇಕು, ಎಲ್ಲ ತಲೆಯಲ್ಲಿ ಇತ್ತು. ಬಾಯಿಗೆ ಬರ್ಲಿಲ್ಲ. "ಸೆಮಿ ಓಪನ್ ಸ್ಪೇಸ್ ಸರ್" ಅಂದೆ, ಅಷ್ಟೇ. ಅವರು ಮುಂದಿನ ಶೀಟಿಗೆ ಹೋದ್ರು. ಹಾಸ್ಟೆಲಿಗೆ ಬಂದು ಅತ್ತದ್ದು ಹೌದು. ಈಗ ಆ ಭಯ ಇಲ್ಲ. ಒಬ್ರು ಮೇಡಂ ಇದ್ದಾರೆ, "ಕನ್ನಡದಲ್ಲೇ ಹೇಳು, ಬಾಕಿಯವರಿಗೆ ನಾನು ಹೇಳ್ತೇನೆ" ಅಂದ್ರು ಒಮ್ಮೆ. ಅಲ್ಲಿಂದ ಸರಿಯಾಯ್ತು. ಕನ್ನಡ ಮೀಡಿಯಂ ಅಂತ ಮಗಳನ್ನು ತಡಿಬೇಡಿ, ಆದ್ರೆ ಮೊದಲ ವರ್ಷ ಫೋನ್ ಮಾಡಿದಾಗ ಎತ್ತಿ.

ಮತ್ತೆ ಒಂದು ಮುಖ್ಯ ವಿಷ್ಯ. ನಾಟಾ ಬರೆದ್ರೆ ಮುಗಿಲಿಲ್ಲ. ಸರ್ಕಾರಿ ಕೋಟಾ ಸೀಟು ಬೇಕಾದ್ರೆ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ಹಾಕಿರ್ಬೇಕು, ನಾಟಾ ಅಂಕ ಅವರ ಪೋರ್ಟಲಲ್ಲಿ ಬೇರೆ ಹಾಕ್ಬೇಕು. ಪಿಯುಸಿ ಅಂಕ ಅರ್ಧ, ನಾಟಾ ಅರ್ಧ ಸೇರಿಸಿ ರ‍್ಯಾಂಕು ಕೊಡುದು. ನನ್ನ ಫ್ರೆಂಡ್ ಒಬ್ಳು ಅಂಕ ಹಾಕ್ಲಿಕ್ಕೆ ಮರೆತು ಒಂದು ವರ್ಷ ಮನೆಯಲ್ಲಿ ಕೂತಳು. ಒಂದರಿಂದ ಹತ್ತು ಕನ್ನಡ ಮಾಧ್ಯಮ ಅಂದ್ರೆ ಅದಕ್ಕೆ ಮೀಸಲಾತಿ ಉಂಟು, ಶಾಲೆಯಿಂದ ಸರ್ಟಿಫಿಕೇಟು ಈಗಲೇ ಮಾಡಿಸಿ ಇಡಿ. ಬಿಇಒ ಸಹಿ ಆಗ್ಲಿಕ್ಕೆ ದಿನ ಹಿಡೀತದೆ.

ಬಣ್ಣದಂಗಡಿ_ರಾಣೆಬೆನ್ನೂರು
ಕೆಇಎ ಅರ್ಜಿ ಹಾಕೀವಿ. ನಾಟಾ ಅಂಕ ಹಾಕಿದ್ದಿಲ್ಲ! ಇವತ್ತ ಸೈಬರ್‌ಗೆ ಹೋಗಿ ಹಾಕ್ತೀವಿ. ತಂಗಿ, ನಿನಗ ಪುಣ್ಯ ಬರ್ಲಿ.

ಗಾರೆ_ಕರಣೆ
ನನ್ನದೊಂದು. ದಾವಣಗೆರೆಯಲ್ಲಿ 22 ವರ್ಷದಿಂದ ಕಂಟ್ರಾಕ್ಟರು. ಹೊಸದಾಗಿ ಓದಿ ಬಂದ ಆರ್ಕಿಟೆಕ್ಟ್ ಮಕ್ಕಳಿಗೆ ಸುಣ್ಣ ಯಾವುದು, ವಾಲ್ ಪುಟ್ಟಿ ಯಾವುದು ಗೊತ್ತಿರಲ್ಲ. ಒಬ್ಬ ಹುಡುಗ ಬಂದು ನೈರುತ್ಯದ ಗೋಡೆಗೆ ಉದ್ದಕ್ಕೆ ಗಾಜು ತೋರಿಸಿದ್ದ, ಮೂರು ಗಂಟೆ ಮೇಲೆ ಆ ರೂಮಲ್ಲಿ ಹಪ್ಪಳ ಸುಡಬಹುದು. ಪೇಂಟ್ ಅಂಗಡಿ ಮಗಳು ಅಂದರೆ ಸಾಮಾನು ಮುಟ್ಟಿ ಬೆಳೆದ ಹುಡುಗಿ. ಅಂಥವರು ಈ ಕಡೆ ಬಂದರೆ ನಮಗೆ ಒಳ್ಳೇದು. ನನ್ನ ಸ್ವಾರ್ಥ ಅಂದ್ಕೊಳ್ಳಿ.

ಮತ್ತೆ ಆ ಕಾಯ್ದೆ ಬಗ್ಗೆ. ಆರ್ಕಿಟೆಕ್ಟ್ ಅನ್ನೋ ಹೆಸರು ಮಾತ್ರ ಅವರದ್ದು, ವಿನ್ಯಾಸ ಮಾಡೋ ಕೆಲಸ ಬೇರೆಯವರೂ ಮಾಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಣ್ಣ ಊರಲ್ಲಿ ಪ್ಲಾನು ಮಾಡೋರು ಸಿವಿಲ್ ಇಂಜಿನಿಯರುಗಳೇ. ರಾಣೆಬೆನ್ನೂರಲ್ಲಿ ಆರ್ಕಿಟೆಕ್ಟ್‌ಗೆ ಫೀಸು ಕೊಡೋ ಮಾಲೀಕರು ಎಷ್ಟು ಜನ ಅಂತ ನಿಮಗೇ ಗೊತ್ತಲ್ಲ?

ತೊಟ್ಟಿಮನೆ
ಕೊಡೋದಿಲ್ಲ. "ಒಂದು ಪ್ಲಾನ್ ಹಾಕ್ಕೊಡಿ ಸಾಕು" ಅಂತಾರೆ, ಕಾಫಿ ಕುಡಿಸಿ ಕಳಿಸ್ತಾರೆ. ಮೊದಲ ಕೆಲಸಕ್ಕೆ ನನಗೆ ಸಿಕ್ಕ ಸಂಬಳ ತಿಂಗಳಿಗೆ ಎಂಟು ಸಾವಿರ. ಅದೇ ಊರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಗೆಳೆಯನಿಗೆ ಇಪ್ಪತ್ತೆರಡು. ನಿಮ್ಮ ಭಾವ ಹೇಳಿದ "ಹೊಟ್ಟಿ ತುಂಬೋದು" ಹತ್ತು ವರ್ಷ ಆದ ಮೇಲಿನ ಮಾತು.

ಸಾಬರಮತಿ_ಕನ್ನಡತಿ
ಅಹಮದಾಬಾದಿನಿಂದ ಬರೆಯುತ್ತಿದ್ದೇನೆ. ನೀವೆಲ್ಲ ಎರಡೇ ಬಾಗಿಲು ತೋರಿಸುತ್ತಿದ್ದೀರಿ. ಬಿ.ಡಿಸ್., ಅಂದರೆ ವಿನ್ಯಾಸದ ಡಿಗ್ರಿ ಅಂತ ಮೂರನೆಯದು ಇದೆ. ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಇಲ್ಲಿ 1961ರಿಂದ ಇದೆ. ಐಐಟಿ ಬಾಂಬೆ ಮುಂತಾದ ಕಡೆ ಯುಸೀಡ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಜವಳಿ, ಪೀಠೋಪಕರಣ, ಪ್ರದರ್ಶನ ವಿನ್ಯಾಸ, ಆನಿಮೇಶನ್. ಬಣ್ಣ ನೋಡಿಯೇ ನಂಬರ್ ಹೇಳುವ ಕಣ್ಣಿಗೆ ಜವಳಿ ವಿನ್ಯಾಸದಲ್ಲಿ ಎಂಥ ಬೆಲೆ ಇದೆ ಗೊತ್ತಾ? ಆದರೆ ಈ ಪರೀಕ್ಷೆಗಳಿಗೆ ಚಳಿಗಾಲದಲ್ಲೇ ಕೂರಬೇಕು. ಈ ವರ್ಷಕ್ಕೆ ಆಗದು.

ಎರಡು_ಹಾಸ್ಟೆಲ್
ನಾನು ಬಿ.ಆರ್ಕ್ ಎರಡನೇ ವರ್ಷಕ್ಕೆ ಬಿಟ್ಟು ಬಿ.ಎಫ್.ಎ. ಸೇರಿದವನು. ಜನ ಇದನ್ನು ಸಿನಿಮಾ ಕಥೆ ತರ ಕೇಳ್ತಾರೆ, ಹಾಗೇನಿಲ್ಲ. ಬಿ.ಆರ್ಕ್‌ನಲ್ಲಿ ಯಾವಾಗಲೂ ಒಬ್ಬ "ಕ್ಲೈಂಟ್" ಇರ್ತಾನೆ, ಕಾಲ್ಪನಿಕ ಆದ್ರೂ. ಬಸ್ ನಿಲ್ದಾಣ ಮಾಡು, ಆಸ್ಪತ್ರೆ ಮಾಡು, ಇಷ್ಟು ಜನ ಬರ್ತಾರೆ, ಶೌಚಾಲಯ ಎಷ್ಟು ಬೇಕು ಹೇಳು. ನನಗೆ ಆ ಮನುಷ್ಯ ಬೇಡವಾಗಿದ್ದ. ಕಲಾಶಾಲೆಗೆ ಬಂದೆ. ಅಲ್ಲಿ ಯಾರೂ ಏನೂ ಕೇಳಲ್ಲ. ಬೆಳಗ್ಗೆ ಎದ್ದು ಬಿಳೀ ಕ್ಯಾನ್ವಾಸ್ ಮುಂದೆ ನಿಂತಾಗ ಅದು ಇನ್ನೂ ಭಯಂಕರ. ಮೂರು ತಿಂಗಳು ಏನೂ ಬಿಡಿಸದೆ ಕ್ಯಾಂಟೀನಿನಲ್ಲಿ ಕೂತಿದ್ದೆ. ಯಾವ ಭಯ ತಡೆದುಕೊಳ್ಳೋಕೆ ಆಗುತ್ತೆ ಅಂತ ಮಗಳನ್ನೇ ಕೇಳಿ. ಕಳೆದ ಎರಡು ವರ್ಷದ ಫೀಸನ್ನು ನಮ್ಮಪ್ಪ ಈಗಲೂ ಹಬ್ಬಕ್ಕೊಮ್ಮೆ ನೆನಪಿಸ್ತಾರೆ.

ಶೇಡ್_ಕಾರ್ಡ್
ನಮಸ್ತೆ. ನಾನೇ ಆ ಮಗಳು. ಅಪ್ಪ ಇಲ್ಲಿ ಬರ್ದಾರ ಅಂತ ನಿನ್ನೆ ಗೊತ್ತಾತು. ಮೊದಲು ಸಿಟ್ಟು ಬಂತು, ಆಮೇಲೆ ಎಲ್ಲಾ ಓದಿದೆ.

ಮೆಟ್ಟಿಲು ಬಿಡಿಸು ಅಂತ ಅಪ್ಪ ಯಾಕೆ ಒಮ್ಮೆಲೇ ಹೇಳಿದ್ರು ಅನ್ನೋದೂ ಈಗ ತಿಳೀತು. ಟೇಪ್ ಅಂಗಡ್ಯಾಗ ಐತಲ್ಲ, ತಗೊಂಡೇ ಹೋಗಿದ್ದೆ. ಗೋಡಾನ್‌ನಾಗ ಮೇಲಿನ ಅಟ್ಟಕ್ಕ ಹೋಗೋ ಪಾವಟಿಗಿ ಹದಿನಾಲ್ಕು. ಎಲ್ಲಾ ಏಳು ಇಂಚು, ಕಾಲು ಇಂಚು ಆಚೆ ಈಚೆ. ಕೊನೇದು ಮಾತ್ರ ಎಂಟೂವರೆ. ಹಮಾಲಿ ಕಾಕಾರು ಪುಟ್ಟಿ ಚೀಲ ಹೊತ್ಕೊಂಡು ಹೋಗುವಾಗ ಯಾವಾಗ್ಲೂ ಅಲ್ಲೇ ಎಡವತಾರ. ಸಣ್ಣಾಕಿ ಇದ್ದಾಗಿಂದ ನೋಡೀನಿ, ಅಳದದ್ದು ಈಗ.

ಆದ್ರ ಅಳದಾದ ಮೇಲೆ ನಾನು ಅಲ್ಲೇ ಕೂತು ಬಿಡಿಸಿದ್ದು ಅವರ ಕಾಲು. ಆ ಕೊನೇ ಪಾವಟಿಗಿ ಹತ್ರ ಹಿಮ್ಮಡ ಮ್ಯಾಲೆ ಎದ್ದು ಬೆರಳು ಅಷ್ಟೇ ಊರಿ ಒಂದು ಕ್ಷಣ ನಿಲ್ತಾರ, ಆಮೇಲೆ ದಬ್ತಾರ. ಹನ್ನೊಂದು ಹಾಳಿ ಆತು. ಪಾವಟಿಗಿ ಒಂದು ಹಾಳ್ಯಾಗ ಮುಗೀತು. ಹಂಗಾರ ನಾನು ಯಾವ ಕಡೆ ಅಂತ ನನಗೂ ಗೊತ್ತಾಗ್ಲಿಲ್ಲ.

ಗಾರೆ_ಕರಣೆ
ಮಗಾ, ಆ ಕೊನೇ ಮೆಟ್ಟಿಲ ಗುಟ್ಟು ನಾನು ಹೇಳ್ತೀನಿ. ಅಟ್ಟಕ್ಕೆ ಶಹಾಬಾದ್ ಕಲ್ಲು ಹಾಕ್ಸಿದ್ದಾರಾ? ಮೆಟ್ಟಿಲಿಗೆ ಬರೀ ಸಿಮೆಂಟ್ ಸಾರಣೆ ಇದೆಯಾ?

ಶೇಡ್_ಕಾರ್ಡ್
ಹೌದ್ರಿ! ಹೆಂಗ ಗೊತ್ತಾತು?

ಗಾರೆ_ಕರಣೆ
ಮೇಸ್ತ್ರಿ ಕಾಂಕ್ರೀಟ್ ಹಾಕೋವಾಗ ಎಲ್ಲಾ ಸಮನಾಗೇ ಹಾಕಿರ್ತಾನೆ. ಆಮೇಲೆ ಮಾಲೀಕರು ಮೇಲೆ ನೆಲಕ್ಕೆ ಗಾರೆ ಹಾಸಿ ಕಲ್ಲು ಕೂರಿಸ್ತಾರೆ, ಎರಡು ಇಂಚು ಏರುತ್ತೆ. ಮೆಟ್ಟಿಲಿಗೆ ಅರ್ಧ ಇಂಚು ಸಾರಣೆ. ಮಿಕ್ಕ ಒಂದೂವರೆ ಇಂಚು ಎಲ್ಲಿ ಹೋಗಬೇಕು? ಕೊನೇ ಮೆಟ್ಟಿಲಿಗೆ ಸೇರುತ್ತೆ. ನೆಲಹಾಸು ಎಷ್ಟು ದಪ್ಪ ಅಂತ ಮೊದಲೇ ಹೇಳಿದ್ರೆ ಈ ತಪ್ಪು ಆಗಲ್ಲ. ಯಾರೂ ಹೇಳಲ್ಲ.

ತೊಟ್ಟಿಮನೆ
ಮನೆ ಮೆಟ್ಟಿಲಿಗೆ ನ್ಯಾಷನಲ್ ಬಿಲ್ಡಿಂಗ್ ಕೋಡ್ 190 ಮಿಲಿಮೀಟರ್ ಮೀರಬೇಡಿ ಅನ್ನುತ್ತೆ, ಅಂದರೆ ಹೆಚ್ಚುಕಡಿಮೆ ಏಳೂವರೆ ಇಂಚು. ಎತ್ತರಕ್ಕಿಂತ ಅಪಾಯ ಅಸಮ ಇರೋದು. ಕಾಲು ಹದಿಮೂರು ಸಲ ಏಳು ಇಂಚು ಕಲಿತು ಹದಿನಾಲ್ಕನೆಯದನ್ನು ನೋಡದೇ ಇಡುತ್ತೆ.

ಕುಂಚ ಸರ್, ನನ್ನ ಪರೀಕ್ಷೆ ಕೆಟ್ಟದ್ದು ಅಂತ ಒಪ್ಪಿಕೊಂಡೆ. ಈ ಹುಡುಗಿ ಎರಡೂ ಮಾಡಿದಳು.

ಕುಂಚ_ಕೆಮ್ಮಣ್ಣು
ಎರಡೂ ಮಾಡಿದಳು, ಆದರೆ ಒಂದು ಹಾಳೆ, ಹನ್ನೊಂದು ಹಾಳೆ. ಲೆಕ್ಕ ನೀವೇ ಹೇಳಿಕೊಟ್ಟದ್ದು ಸರ್.

ತೊಟ್ಟಿಮನೆ
ಮೆಟ್ಟಿಲು ಒಂದೇ ಹಾಳೆಯಲ್ಲಿ ಮುಗಿದದ್ದು ಅದು ಸರಿಯಾಗಿ ಬಂದದ್ದಕ್ಕೂ ಇರಬಹುದು. ಕಾಲು ಯಾಕೆ ಹಾಗೆ ನಿಲ್ಲುತ್ತೆ ಅಂತ ನೋಡಿದವಳು ಮೆಟ್ಟಿಲು ಕಟ್ಟಿದರೆ ಒಳ್ಳೆಯ ಮೆಟ್ಟಿಲಾಗುತ್ತೆ. ನನ್ನ ಆಫೀಸಿನ ನಾಲ್ಕು ಜನರಲ್ಲಿ ಯಾರೂ ಕಾಲು ನೋಡುವುದಿಲ್ಲ.

ಎರಡು_ಹಾಸ್ಟೆಲ್
ಇಬ್ಬರೂ ಹರಾಜು ಕೂಗಿದ ಹಾಗೆ ಕೂಗ್ತಿದೀರಿ. ಅವಳು ಹೋಗಿ ನೋಡ್ಲಿ. ಬ್ರೋಷರ್ ಅಲ್ಲ, ವರ್ಕ್‌ಶಾಪು, ಸ್ಟುಡಿಯೋ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಮೇಷ್ಟ್ರು ಇಲ್ಲದಾಗ.

ಬಣ್ಣದಂಗಡಿ_ರಾಣೆಬೆನ್ನೂರು
ಹತ್ತು ದಿನ ಆತು, ಮತ್ತ ಬರೀತೀನಿ. ಎರಡೂ ಕಡೆ ಹೋಗಿ ಬಂದ್ವಿ. ದಾವಣಗೆರ್ಯಾಗ ಮಗಳು ಹುಡುಗ್ರ ಜೋಡಿ ಎರಡು ತಾಸು ಮಾತಾಡಿದ್ಲು. ನಾನು ಹೊರಗ ಗಿಡದ ಕೆಳಗ ಕುಂತಿದ್ದೆ. ಒಬ್ಬ ಹುಡುಗ ಕಲ್ಲು ಕೆತ್ತಾಕತ್ತಿದ್ದ, ಮೂಗಿಗೆ ಬಟ್ಟಿ ಕಟ್ಗೊಂಡು. ಎಷ್ಟು ದಿನ ಆತಪ ಅಂದೆ, ಎರಡು ತಿಂಗಳ್ರಿ ಅಂದ. ಏನ್ ಮಾಡಾಕತ್ತಿ ಅಂದೆ, ಇನ್ನೂ ನೋಡ್ಬೇಕ್ರಿ ಅಂದ. ನನಗ ನಗು ಬಂತು, ಆಮೇಲೆ ಬರ್ಲಿಲ್ಲ.

ಹುಬ್ಬಳ್ಳಿ ಕಡಿ ಒಂದು ಬಿ.ಆರ್ಕ್ ಕಾಲೇಜಿಗೂ ಹೋಗಿದ್ವಿ. ಜ್ಯೂರಿ ನಡದಿತ್ತು, ಬಾಗಿಲದಾಗ ನಿಂತು ನೋಡಾಕ ಬಿಟ್ರು. ಒಂದು ಹುಡುಗಿ ಆಸ್ಪತ್ರಿ ಮಾದರಿ ಮಾಡಿದ್ಲು. ಮಗಳು ನನ್ನ ಕಿವ್ಯಾಗ ಅಂದ್ಲು, "ಅಪ್ಪಾ, ಸ್ಟ್ರೆಚರ್ ಆ ಮೂಲ್ಯಾಗ ತಿರಗಂಗಿಲ್ಲ." ಐದು ನಿಮಿಷಕ್ಕ ಒಳಗಿನ ಸರ್ ಅದನ್ನ ಕೇಳಿದ್ರು.

ಬಸ್ಸಿನ್ಯಾಗ ಬರುವಾಗ ಕೇಳಿದೆ. ಕೆಇಎ ಆಪ್ಷನ್ ಎಂಟ್ರಿಗೆ ಮೂರು ಕಾಲೇಜು ಹಾಕ್ತೀನಿ, ಅದ್ರಾಗ ಸಿಗ್ಲಿಲ್ಲಂದ್ರ ರೊಕ್ಕ ಕೊಟ್ಟು ಸೀಟು ತಗೊಳ್ಳೋದು ಬ್ಯಾಡ, ದಾವಣಗೆರಿ ಅರ್ಜಿನೂ ಇರ್ಲಿ ಅಂದ್ಲು. ಯಾವುದು ಸಿಗ್ಲಿ ಅಂತ ನಾನು ಬೇಡ್ಕೊಳ್ಲಿ ಅಂದೆ. "ಅದನ್ನ ಕೇಳಬ್ಯಾಡ್ರಿ" ಅಂದ್ಲು. ಮನಿಗೆ ಬಂದ ಮ್ಯಾಲೆ ಗೌಂಡಿ ಕರಿಸಿ ಆ ಕೊನೇ ಪಾವಟಿಗಿ ಸರಿ ಮಾಡ್ಸು ಅಂತ ಬೆನ್ನು ಹತ್ಯಾಳ.

ಗಾರೆ_ಕರಣೆ
ಕೊನೇದು ಒಂದನ್ನೇ ಮುಟ್ಟಿದ್ರೆ ಅದರ ಕೆಳಗಿಂದು ಹೆಚ್ಚುಕಮ್ಮಿ ಆಗುತ್ತೆ ಅಣ್ಣಾ. ಒಟ್ಟು ಎತ್ತರ ಹದಿನಾಲ್ಕಕ್ಕೆ ಭಾಗಿಸಿ, ಎಲ್ಲಕ್ಕೂ ಹಂಚಿ ಸಾರಣೆ ಮಾಡಿಸಿ. ಹಂಚಿಕೆ ಲೆಕ್ಕ ಮಗಳಿಗೇ ಕೊಡಿ.

ಶೇಡ್_ಕಾರ್ಡ್
ಹಾಕಿ ಇಟ್ಟೀನ್ರಿ. ಒಂದೊಂದಕ್ಕ ಏಳು ಇಂಚು, ಮ್ಯಾಲ ಒಂದು ನೂಲಿಗಿಂತ (ಇಂಚಿನ ಎಂಟನೇ ಒಂದು ಪಾಲು) ಚೂರು ಕಮ್ಮಿ. ಗೌಂಡಿ ಕಾಕಾ ನೋಡಿ "ಇಷ್ಟು ಸಣ್ಣದು ಕರಣಿಗೆ ಬರಂಗಿಲ್ಲವ್ವಾ" ಅಂದ್ರು.

ಸನ್‌ಬೋರ್ಡ್_ಸಂತ್ರಸ್ತೆ
ಯಾವ ಕೋರ್ಸ್ ಸಿಕ್ಕಿದ್ರೂ ಡ್ರಾಯಿಂಗ್ ಬೋರ್ಡು ಹೊಸದು ತಗೊಳ್ಬೇಡ ಆಯ್ತಾ. ಸೀನಿಯರ್ಸ್ ಹತ್ರ ಅರ್ಧ ರೇಟಿಗೆ ಸಿಗ್ತದೆ. ನನ್ನದೂ ಒಂದು ಉಂಟು, ಫೆವಿಕಾಲ್ ಕಲೆ ಇದೆ, ಬೇಕಾದ್ರೆ ಹೇಳು.